ಎಡತೋಳಿನ ಮಖಮಲ್ಲು

ಆ ಬೀದಿಯಲ್ಲಿ ಎಲ್ಲರೂ ಆಕೆಯನ್ನು ಅಳತೆಯಮ್ಮ ಎನ್ನುತ್ತಾರೆ. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಸೊಂಟದ ಸುತ್ತು ಹೇಳಬಲ್ಲ ದರ್ಜಿ. ಎದುರಿನ ಔಷಧಿ ಅಂಗಡಿಯವರು ಇಂದಿಗೂ ಆಕೆಯ ಮುಂದೆ ಹಾದುಹೋಗುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಮೂವತ್ತೊಂದು ವರ್ಷಗಳಲ್ಲಿ ಅಳತೆಯಮ್ಮ ಒಂದು ಬಟ್ಟೆಯನ್ನೂ ತಪ್ಪಾಗಿ ಕತ್ತರಿಸಿಲ್ಲ ಎಂಬುದು ಬೀದಿಯ ನಂಬಿಕೆ. ಆಕೆ ಅದನ್ನು ಎಂದೂ ಅಲ್ಲಗಳೆದವರಲ್ಲ.

ಒಂದು ಸಂಜೆ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಕತ್ತರಿಸುವ ಮೇಜಿನ ಮೇಲಿಟ್ಟಳು. ಮರುದಿನ ಕಾಲೇಜಿನಲ್ಲಿ ಒಂದು ಹಾಡಿನ ವಿಡಿಯೊ ತೋರಿಸಿ ಅದರ ಅರ್ಥ ಬಿಡಿಸಬೇಕಿತ್ತು. ಅವಳು ಆರಿಸಿಕೊಂಡದ್ದು ಒಂಬತ್ತು ವರ್ಷ ಹಿಂದಿನದನ್ನು. ಅದರಲ್ಲಿ ಗಾಯಕಿ ತೊಟ್ಟ ಗೌನು ಚಿಕ್ಕಮ್ಮನೇ ಹೊಲಿದದ್ದು.

"ನೋಡು ಚಿಕ್ಕಮ್ಮ, ರೈಲು ನಿಲ್ದಾಣ ಪೂರ್ತಿ ಬೂದಿ ಬಣ್ಣ. ಗೌನು ಮಾತ್ರ ನೀಲಿ. ಅಂದ್ರೆ ಅವಳೊಬ್ಬಳಿಗೇ ಇನ್ನೂ ಆಸೆ ಇದೆ. ಗಡಿಯಾರಕ್ಕೆ ಮುಳ್ಳಿಲ್ಲ, ಕಾಲ ನಿಂತುಬಿಟ್ಟಿದೆ. ಖಾಲಿ ಬೆಂಚು ಅಂದ್ರೆ ಬರದೇ ಇರೋನು."

"ಆ ಬೆಂಚಿನ ಮೇಲೆ ನನ್ನ ಇಸ್ತ್ರಿಪೆಟ್ಟಿಗೆ ಇತ್ತು ಕಣೆ. ತೆಗೀರಮ್ಮಾ ಅಂತ ಶೂಟಿಂಗ್‌ನೋರು ಕಿರುಚಿದ್ರು."

"ಸುಮ್ನಿರು, ಮುಖ್ಯವಾದ್ದು ಈಗ ಬರುತ್ತೆ. ಎಡತೋಳು ಬಲಕ್ಕಿಂತ ಕಪ್ಪಗಿದೆ, ನೋಡು. ಬಿಟ್ಟುಹೋದವನ ನೆರಳು ಅಲ್ಲಿ ಕೂತಿದೆ. ನನ್ನ ಪ್ರಬಂಧ ನಿಂತಿರೋದೇ ಈ ತೋಳಿನ ಮೇಲೆ. ನಾಳೆ ನೀನೂ ಬರ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಅಳತೆಯಮ್ಮನ ಕೈ ತಮ್ಮ ಎಡಭುಜಕ್ಕೆ ಹೋಯಿತು.

ಮಖಮಲ್ಲಿನ ಮೇಲಿನ ನವಿರು, ಆ ರೋಮದಂಥ ಸಣ್ಣ ಎಳೆಗಳು, ಒಂದೇ ದಿಕ್ಕಿಗೆ ಮಲಗಿರುತ್ತದೆ. ಕೆಳಮುಖವಾಗಿದ್ದರೆ ಬಟ್ಟೆ ತಿಳಿಯಾಗಿ ಕಾಣುತ್ತದೆ, ಮೇಲ್ಮುಖವಾಗಿದ್ದರೆ ಗಾಢವಾಗಿ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕೆಂಬುದು ಕಸುಬಿನ ಮೊದಲ ವಾರದ ಪಾಠ. ಅವಸರದಲ್ಲಿ ಆ ಒಂದು ತೋಳನ್ನು ಆಕೆ ತಲೆಕೆಳಗಾಗಿ ಕತ್ತರಿಸಿದ್ದರು. ಚಿತ್ರೀಕರಣದ ದೀಪ ಹೊತ್ತಿದಾಗಲೇ ಗೊತ್ತಾದದ್ದು. ಯಾರಾದರೂ ಕೇಳುವ ಮೊದಲೇ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಮನೆ ಸೇರಿದ್ದರು. ಆಮೇಲೆ ಟಿ.ವಿ.ಯಲ್ಲಿ ಆ ಹಾಡು ಬಂದಾಗಲೆಲ್ಲ, ತೋಳು ಕಾಣುತ್ತಲೇ ಟಿ.ವಿ. ಆರಿಸಿಬಿಡುತ್ತಿದ್ದರು.

ಈಗಲೂ ಬಾಯಿ ಬಿಡದಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಹುಡುಗಿ ನಾಳೆ ತರಗತಿಯ ಮುಂದೆ ಇಲ್ಲದ್ದನ್ನು ಇದೆ ಎನ್ನಬೇಕಾಗುತ್ತಿತ್ತು.

"ಅದು ಯಾರ ನೆರಳೂ ಅಲ್ಲ ಕಣೆ," ಎಂದರು. "ನನ್ನ ಕತ್ತರಿ ತಪ್ಪು."

ಎಲ್ಲ ಕೇಳಿದ ಮೇಲೆ ಹುಡುಗಿ ತಲೆಗೆ ಕೈಯಿಟ್ಟುಕೊಂಡಳು. "ಒಂಬತ್ತು ವರ್ಷ ಹೊಟ್ಟೇಲಿಟ್ಕೊಂಡು ಇವತ್ತೇ ಹೇಳ್ಬೇಕಿತ್ತಾ? ನನ್ನ ಆರು ಪುಟ ಹೋಯ್ತಲ್ಲ ಚಿಕ್ಕಮ್ಮ!"

ಮಾತಿನ ಮಧ್ಯೆ ನಿಲ್ಲಿಸುವವರಿಲ್ಲದೆ ವಿಡಿಯೊ ಕೊನೆಗೆ ಬಂದಿತ್ತು. ಗಾಯಕಿ ಎಡತೋಳಿನ ಮೇಲೆ ಭುಜದಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ಕೈಯಾಡಿಸಿದಳು. ಕೈ ಸಾಗಿದ ದಾರಿಯಲ್ಲಿ ತಿಳಿನೀಲಿಯ ಪಟ್ಟೆಯೊಂದು ಮೂಡಿತು. ಅವಳು ಎದ್ದು, ನಿಲ್ದಾಣದಿಂದ ಹೊರನಡೆದಳು.

"ನಿಲ್ಸು ನಿಲ್ಸು!" ಅಳತೆಯಮ್ಮ ಕನ್ನಡಕ ಏರಿಸಿಕೊಂಡರು. ಈ ಕೊನೆಯನ್ನು ಆಕೆ ನೋಡುತ್ತಿದ್ದದ್ದು ಇದೇ ಮೊದಲು. "ಬಲತೋಳಿನ ಮೇಲೆ ಹೀಗೆ ಕೈಯಾಡಿಸಿದ್ರೆ ಏನೂ ಮೂಡಲ್ಲ. ನವಿರು ತಿರುವುಮುರುವಾಗಿದ್ರೇನೇ ಇದು ಬರೋದು. ಕ್ಯಾಮೆರಾದವರು ಅವತ್ತೇ ಕಂಡುಹಿಡಿದಿದ್ದಾರೆ ಕಣೆ!"

"ಹಾಗಾದ್ರೆ ನೆರಳು ಇದೆ," ಎಂದಳು ಹುಡುಗಿ, ಒಂದೊಂದೇ ಮಾತು ಕೂಡಿಸುತ್ತ. "ಅದನ್ನ ಅವಳೇ ಒರೆಸಿಹಾಕ್ತಾಳೆ. ನಾನು ಕೊನೇ ದೃಶ್ಯದ ಬಗ್ಗೆ ಒಂದು ಸಾಲೂ ಬರೆದಿರ್ಲಿಲ್ಲ!"

ಮರುದಿನ ಅಳತೆಯಮ್ಮ ಉಳಿಕೆ ಮಖಮಲ್ಲಿನ ತುಂಡು ಹಿಡಿದು ತರಗತಿಗೆ ಹೋದರು. ತಪ್ಪನ್ನು ತಾವೇ ಹೇಳಿದರು. ತುಂಡು ಕೈಯಿಂದ ಕೈಗೆ ದಾಟಿತು. ಹುಡುಗ ಹುಡುಗಿಯರೆಲ್ಲ ಸವರಿ ಬಣ್ಣ ಬದಲಿಸಿ ನಕ್ಕರು. ಮೇಷ್ಟ್ರು ಮಾತ್ರ ಅದನ್ನು ಹಿಂದಿರುಗಿಸಲು ಒಪ್ಪದೆ ಎರಡು ಸಲ ಹೆಚ್ಚಿಗೆ ಸವರಿದರು.

"ಇನ್ನೂ ಇಂಥ ತಪ್ಪುಗಳಿದ್ರೆ ಹೇಳಿಬಿಡಿ ಅಮ್ಮ, ಮುಂದಿನ ವರ್ಷಕ್ಕೂ ಪಾಠ ಆಗುತ್ತೆ," ಎಂದರು.

ಅಳತೆಯಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅದೊಂದೇ ಸಾರ್. ನಿಮ್ಮ ಕೋಟಿನ ಬಲಭುಜ ಅರ್ಧ ಇಂಚು ಇಳಿದಿದೆ, ಅದು ನನ್ನದಲ್ಲ."