ಗೀಟು ಹೊಡೆದ ಹಾಳೆಗಳು

ನಮ್ಮ ಮನೆಯಲ್ಲಿ ಕಾಫಿಯ ಸ್ಯಾಂಪಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಳಿಸುವುದಿಲ್ಲ. ಒಣಗಿದ ಪಾರ್ಚ್‌ಮೆಂಟ್ ಎನ್ನುವ ಒಳಹೊಟ್ಟು ಸುಲಿಯದ ಬೀಜ ಕವರಿನೊಳಗೆ ಬೆವರುತ್ತದೆ, ವ್ಯಾಪಾರಿ ಅದನ್ನು ನೋಡಿ ಹಸಿ ಎನ್ನುತ್ತಾನೆ ಎಂದು ಅಪ್ಪ ಹೇಳುತ್ತಿದ್ದರು. ತೋಟದ ಒಂದೊಂದು ತಾಕಿನ ಕಾಫಿಯನ್ನೂ ಕಣದಲ್ಲಿ ಬೇರೆ ಬೇರೆ ಹರವಿ, ಒಣಗಿದ ಮೇಲೆ ಪ್ರತಿ ರಾಶಿಯಿಂದ ಎರಡು ಹಿಡಿ ತೆಗೆದು, ದಪ್ಪ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಮೇಲೆ ತಾಕಿನ ಹೆಸರು ಬರೆದು ಮೂಡಿಗೆರೆಯ ವ್ಯಾಪಾರಿಗೆ ಕಳಿಸುವುದು ನಮ್ಮ ಪದ್ಧತಿ. ಅಪ್ಪ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಗೋಣಿಬೀಡಿನ ಹತ್ತಿರ ನಮಗಿರುವುದು ನಾಲ್ಕು ಎಕರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಂಗಿ ಬಿಡಲಿಲ್ಲ.

ಅವಳು ಹಿಡಿದದ್ದು ಭೌತಶಾಸ್ತ್ರ. ಅದರಲ್ಲೂ ಯಂತ್ರ, ಪ್ರಯೋಗ ಯಾವುದೂ ಇಲ್ಲದೆ ಬರೀ ಕಾಗದದ ಮೇಲೆ ನಡೆಯುವ ಬಗೆ. ಬೆಳಕು ಮತ್ತು ಎಲೆಕ್ಟ್ರಾನು ಒಂದಕ್ಕೊಂದು ಏನು ಮಾಡುತ್ತವೆ ಎನ್ನುವ ಲೆಕ್ಕ. ಕೇಳಿದವರಿಗೆ ಹೇಳಬೇಕಲ್ಲ ಎಂದು ನಾನು ಕ್ವಾಂಟಮ್ ಎಲೆಕ್ಟ್ರೋಡೈನಮಿಕ್ಸ್ ಎನ್ನುವ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಸಂಶೋಧನೆಯ ಮೂರನೇ ವರ್ಷ, ಕೊಯ್ಲಿನ ಹೊತ್ತಿಗೆ, ಅವಳು ಒಂದು ತಿಂಗಳು ಮನೆಗೆ ಬಂದಿದ್ದಳು. ನನ್ನ ಬದುಕಿನಲ್ಲಿ ಮತ್ತೆ ಬೇಕೆನಿಸುವುದು ಆ ತಿಂಗಳು ಒಂದೇ. ಕಣದ ಅಂಚಿನ ಕಟ್ಟೆಯ ಮೇಲೆ, ಹಲಸಿನ ನೆರಳಿನಲ್ಲಿ ಅವಳು ಬರೆಯುತ್ತಾ ಕೂರುವಳು. ಗಾಳಿಗೆ ಹಾರದಂತೆ ಹಾಳೆಗಳ ಮೇಲೆ ನಮ್ಮ ಸೇರಿನ ಬಟ್ಟಲು. ನಾನು ಕಾಫಿ ಕೆದಕುತ್ತಾ ಸುತ್ತು ಹಾಕುವೆ. ಸುತ್ತು ಮುಗಿಸಿ ಬಂದಾಗಲೆಲ್ಲ ಹಾಳೆಯ ಮೇಲೆ ಹೊಸದೊಂದು ಚಿತ್ರ ಇರುತ್ತಿತ್ತು. ನೇರ ಗೆರೆ, ಅದರ ಬೆನ್ನಿಗೆ ಅಂಟಿದ ಡೊಂಕು ಗೆರೆ. ನೇರದ್ದು ಎಲೆಕ್ಟ್ರಾನು, ಡೊಂಕಿನದು ಬೆಳಕು. ಎಲೆಕ್ಟ್ರಾನು ಬೆಳಕನ್ನು ತಾನೇ ಬಿಟ್ಟು ತಾನೇ ವಾಪಸು ಹಿಡಿದುಕೊಳ್ಳುತ್ತದಂತೆ.

"ಅದಕ್ಕೆ ಬೇರೆ ಕೆಲ್ಸ ಇಲ್ವಾ?" ಎಂದೆ.

"ಇಲ್ಲ ಮಾರಾಯ್ತಿ. ನೀನು ಬೆಳಿಗ್ಗೆ ಹರವಿ ಸಂಜೆ ಬಾಚ್ತೀಯಲ್ಲ, ಹಂಗೆ."

ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಪೊಟ್ಟಣ ಕಟ್ಟಲು ಹಾಳೆ ಸಿಗಲಿಲ್ಲ. ಮೂಡಿಗೆರೆಗೆ ಹೋಗುವ ಜೀಪು ಹೊರಡುವ ಹೊತ್ತಾಗಿತ್ತು. ಕಾಫಿ ಇಡುವ ಸ್ಟೋರಿನ ಕಿಟಕಿಯಲ್ಲಿ ತಂಗಿಯ ಹಾಳೆಗಳ ಒಂದು ಕಟ್ಟಿತ್ತು. ತೆಗೆದು ನೋಡಿದೆ. ಮೇಲಿಂದ ಕೆಳಗಿನವರೆಗೂ ಗೀಟು. ಒಂದು ಸಾಲೂ ನೆಟ್ಟಗೆ ಉಳಿದಿರಲಿಲ್ಲ. ನನ್ನ ಶಾಲೆಯಲ್ಲಿ ಗೀಟು ಹೊಡೆದ ಲೆಕ್ಕವೆಂದರೆ ತಪ್ಪು ಲೆಕ್ಕ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆಯುತ್ತಿದ್ದರು, ಪಾಪ ಇವಳು ತಾನೇ ಹೊಡೆದುಕೊಂಡಿದ್ದಾಳೆ ಎಂದುಕೊಂಡೆ. ಹಿಂಬದಿ ಬಿಳಿಯಾಗಿತ್ತು. ಬಿಳಿ ಬದಿ ಹೊರಗೆ ಬರುವಂತೆ ಮಡಚಿ, ತಾಕಿನ ಹೆಸರುಗಳನ್ನು ಬರೆದು ಪೊಟ್ಟಣಗಳನ್ನು ಜೀಪಿಗೆ ಕೊಟ್ಟೆ.

ಮಧ್ಯಾಹ್ನ ಅವಳು ಹುಡುಕಲು ಶುರು ಮಾಡಿದಳು. ಯಾವ ಹಾಳೆ ಎಂದು ಕೇಳಿದೆ. ಗೀಟು ಹೊಡೆದವು ಎಂದಳು.

"ಅವು ತಪ್ಪಾದವಲ್ವಾ?"

"ಅಲ್ಲಕ್ಕ, ಅವೇ ಬೇಕಾಗಿದ್ದು. ಒಂದು ಚಿತ್ರದ ಲೆಕ್ಕ ಮಾಡಿದ್ರೆ ಕೊನೆಯಿಲ್ಲದ ಸಂಖ್ಯೆ ಬರ್ತದೆ. ಇನ್ನೊಂದರಲ್ಲೂ ಬರ್ತದೆ, ಉಲ್ಟಾ ಆಗಿ. ಎರಡನ್ನೂ ಜೋಡಿ ಮಾಡಿ ಗೀಟು ಹೊಡೀಬೇಕು. ಎಲ್ಲ ಹೊಡೆದ ಮೇಲೆ ಉಳಿಯೋ ಚೂರೇ ಉತ್ತರ. ಯಾವುದಕ್ಕೆ ಯಾವುದು ಜೋಡಿ ಅಂತ ಹುಡುಕೋಕೇ ನಂಗೆ ವರ್ಷ ಹಿಡೀತು."

ಹೇಳಬೇಕಾಗಿದ್ದದ್ದು ಆಗ. "ಸರಿಯಾಗಿ ನೋಡು, ಇಲ್ಲೇ ಇರ್ತವೆ" ಎಂದೆ. ಎಂದದ್ದು ಮಾತ್ರವಲ್ಲ, ಅವಳ ಜೊತೆ ಸಂಜೆಯವರೆಗೆ ಹುಡುಕಿದೆ. ಹಾಸಿಗೆ ಕೊಡವಿದೆ, ಅಕ್ಕಿಯ ಡ್ರಮ್ಮಿನ ಹಿಂದೆ ಬಗ್ಗಿ ನೋಡಿದೆ.

ಎರಡು ದಿನದ ಹಿಂದೆ ಕೆಲವು ಪುಟಗಳನ್ನು ಜೆರಾಕ್ಸ್ ಮಾಡಿಸಲು ಅವಳು ಮೂಡಿಗೆರೆಗೆ ಹೋಗಿದ್ದಳು. ಇವನ್ನು ಅಲ್ಲೇ ಬಿಟ್ಟಿರಬೇಕು ಎಂದು ಅವಳೇ ತೀರ್ಮಾನಿಸಿದಳು. ಮರುದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ಜೆರಾಕ್ಸ್ ಅಂಗಡಿಯವನು ಮೇಜಿನ ಕೆಳಗೆಲ್ಲ ತಡಕಿ, "ಇಲ್ಲಿ ಬಿಟ್ಟು ಹೋಗೋದು ಆಧಾರ್ ಕಾರ್ಡು, ಕೊಡೆ. ಲೆಕ್ಕ ಯಾರೂ ಬಿಟ್ಟು ಹೋಗಲ್ಲ ಮೇಡಂ" ಎಂದ. ಅವಳು ನಕ್ಕಳು. ನನಗೆ ಎದುರಿನ ಸಾಲಿನಲ್ಲಿದ್ದ ನಮ್ಮ ಕಾಫಿ ವ್ಯಾಪಾರಿಯ ಮಳಿಗೆ ಕಾಣುತ್ತಿತ್ತು. ಗಾಜಿನ ಹಿಂದಿನ ಹಲಗೆಯ ಮೇಲೆ ಬಿಳಿ ಪೊಟ್ಟಣಗಳು ಸಾಲಾಗಿದ್ದವು, ಇನ್ನೂ ಬಿಚ್ಚಿರಲಿಲ್ಲ. ರಸ್ತೆ ದಾಟಿ ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು. ದಾಟಬೇಕಾದರೆ ಏಕೆಂದು ಅವಳಿಗೆ ಹೇಳಬೇಕಿತ್ತು. ನಿನ್ನ ಓದನ್ನು ನಾನು ಕಸ ಎಂದುಕೊಂಡೆ ಎಂದು ಹೇಳಬೇಕಿತ್ತು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ವಾರ ಕಳೆದು ಒಬ್ಬಳೇ ಹೋದಾಗ ಬೀಜ ಸುಲಿದು ನೋಡಿಯಾಗಿತ್ತು, ಕಾಗದ ಒಲೆಗೆ ಹೋಗಿತ್ತು.

ಅವಳು ಆ ಲೆಕ್ಕವನ್ನು ಮತ್ತೆ ಮಾಡಿದಳು. ಮಳೆಗಾಲದವರೆಗೆ ಹಿಡಿಯಿತು. ಪದವಿಯೂ ಬಂತು, ದೂರದ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಆದರೆ ಆಮೇಲೆ ಅವಳು ಒಂದು ಹಾಳೆಯನ್ನೂ ಮನೆಗೆ ತರಲಿಲ್ಲ. ಬಂದರೆ ಎರಡು ದಿನ, ಅಷ್ಟೇ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟಾಪು ಬಂದಾಗಲೆಲ್ಲ ಜಿಪ್ ಎಳೆದು ನೋಡಿಕೊಳ್ಳುತ್ತಾಳೆ. ಒಮ್ಮೆ ಮನೆಯ ಬೀಗದ ಕೈ ಕೊಟ್ಟರೆ ತೆಗೆದುಕೊಳ್ಳಲಿಲ್ಲ. "ಬೇಡ, ನೀನೇ ಇಟ್ಕೋ. ನನ್ನ ಮರೆವು ನಿಂಗೆ ಗೊತ್ತಲ್ಲ" ಎಂದಳು. ಅವಳಿಗೆ ಇಲ್ಲದ ಮರೆವನ್ನು ಕೊಟ್ಟವಳು ನಾನು.

ಈ ವರ್ಷ ಕೊಯ್ಲಿಗೆ ಮೊದಲು ಸ್ಟೋರಿನ ಜರಡಿಗಳನ್ನು ಸರಿಸಿದಾಗ ಗೋಡೆಯ ಸಂದಿಯಲ್ಲಿ ಒಂದು ಪೊಟ್ಟಣ ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ 'ಕೆರೆ ಪಕ್ಕದ ತಾಕು'. ಅವಸರದಲ್ಲಿ ಜೀಪಿಗೆ ಕೊಡದೆ ಬಿದ್ದದ್ದು. ಒಳಗಿನ ಬೀಜವನ್ನು ಹುಳ ತಿಂದಿತ್ತು. ಹಾಳೆ ಚೆನ್ನಾಗಿತ್ತು.

ಕಟ್ಟೆಯ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತದೆ. ಅಲ್ಲಿ ಕುಳಿತು ಫೋನು ಮಾಡಿದೆ. ಪೊಟ್ಟಣ, ಜೀಪು, ಗಾಜಿನ ಹಿಂದಿನ ಹಲಗೆ, ಎಲ್ಲ ಹೇಳಿದೆ.

"ಮೂಲೆಯಲ್ಲಿ ಪುಟದ ನಂಬರ್ ಇದ್ಯಾ?" ಎಂದು ಕೇಳಿದಳು.

"ಒಂಬತ್ತು."

"ಓದು."

ಫೋಟೋ ಹೋಗಲಿಲ್ಲ, ಅಷ್ಟು ಸಿಗ್ನಲ್ ಇರಲಿಲ್ಲ. ಅದಕ್ಕೇ ಓದಿದೆ, ಹೆಸರು ಗೊತ್ತಿಲ್ಲದ ಗುರುತುಗಳ ಆಕಾರ ಹೇಳುತ್ತಾ. ಬಾಲ ತಿರುಚಿದ ಮೀನಿನಂಥದ್ದು ಒಂದು, ಕವಣೆಯಂಥದ್ದು ಒಂದು, ಸಾಲಿನ ಮೊದಲಿಗೆ ಎದ್ದು ನಿಂತ ಹಾವು. ಪ್ರತಿಯೊಂದಕ್ಕೂ ಅವಳು ಹೂಂ ಎಂದಳು. ಗೀಟು ಯಾವುದರ ಮೇಲಿದೆ ಎಂದು ಕೇಳಿದಳು, ಹೇಳಿದೆ. ಕೊನೆಯ ಸಾಲು ಬಂತು. ಅದರಲ್ಲಿ ಗೀಟು ಇಲ್ಲದ್ದು ಒಂದೇ ಒಂದು ಇತ್ತು.

"ಸಾಕು," ಎಂದಳು. ಆಮೇಲೆ, "ಇಷ್ಟು ವರ್ಷ ನಾನು ನನ್ನನ್ನೇ ಬೈಕೊಂಡೆ ಅಕ್ಕ."

ಹಾಳೆಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಲು ಹೇಳಿ ಫೋನಿಟ್ಟಳು. ಕಳಿಸಿ ಇಪ್ಪತ್ತು ದಿನವಾಯಿತು. ಅವಳಿಂದ ಫೋನು ಬಂದಿಲ್ಲ, ನಾನೂ ಮಾಡಿಲ್ಲ. ಕಣದಲ್ಲಿ ಈಗ ಕಾಫಿ ತುಂಬಿದೆ. ಆಳುಗಳು ಕಟ್ಟೆಯ ಮೇಲೆ ಖಾಲಿ ಚೀಲ ಒಟ್ಟಲು ಬಂದರೆ, ಬೇರೆ ಕಡೆ ಹಾಕಿ ಎನ್ನುತ್ತೇನೆ. ಸೇರಿನ ಬಟ್ಟಲನ್ನು ತೊಳೆದು ಅಲ್ಲಿಟ್ಟಿದ್ದೇನೆ.