ಗುರಮ್ಮನ ತಿರುವು

ಗುರಮ್ಮನಿಗೆ ಅಕ್ಕಲಕೋಟ ತಾಲೂಕಿನಲ್ಲಿ ಹೊಲವಿತ್ತು, ಮನೆಯಿತ್ತು, ಬಂಡೆಪ್ಪ ಎಂಬ ತಣ್ಣನೆಯ ಸ್ವಭಾವದ ಗಂಡನೂ ಇದ್ದ. ಆದರೂ ಆಕೆ ಸೋಲಾಪುರದ ನಮ್ಮ ಕಾಲೇಜಿನ ಆವಾರದಲ್ಲಿ, ಬೇವಿನ ಮರದ ಕೆಳಗೆ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಮಗ ಕಾಂತೇಶ ಇಲ್ಲಿ ಕಲಿಯುವಾಗ ಅವನ ಹೊಟ್ಟೆ ನೋಡಿಕೊಳ್ಳಲು ಬಂದವಳು. ಅವನು ಕಲಿತು ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ನೌಕರಿ ಹಿಡಿದ ಮೇಲೂ ಒಲೆ ಎತ್ತಲಿಲ್ಲ.

"ಊರಿಗೆ ಹೊಳ್ಳಿ ಬಾ ಅಂತ ಕರಿಯೂದಿಲ್ಲೇನು?" ಎಂದು ಒಮ್ಮೆ ಕೇಳಿದ್ದೆ.

"ಕರೀತಾರ, ಮುಕ್ತಾಬಾಯಿ. ಆದ್ರ ಊರಾಗ ನಾ ಬಂಡೆಪ್ಪನ ಹೇಣ್ತಿ, ಕಾಂತೇಶನ ಅವ್ವ. ಇಲ್ಲಿ ನನಗ ಗುರಮ್ಮ ಅಂತಾರ."

ನಾನು ಕಾಲೇಜಿನ ಕಚೇರಿಯಲ್ಲಿ ಟೈಪಿಸ್ಟ್. ಅಲ್ಲಿ ನನ್ನನ್ನು "ಏ ಟೈಪಿಂಗ್" ಎಂದು ಕರೆಯುತ್ತಿದ್ದರು. ಹಾಗಾಗಿ ಆಕೆಯ ಮಾತು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

೧೯೯೬ರಲ್ಲಿ ಆವಾರದೊಳಗೆ ಟ್ರಾಮ್ ಓಡಿಸುವುದೆಂದು ಗೊತ್ತಾಯಿತು. ದೊಡ್ಡ ಗೇಟಿನಿಂದ ಹಾಸ್ಟೆಲಿನವರೆಗೆ ನೆಲಕ್ಕೆ ಹಳಿ, ತಲೆಯ ಮೇಲೆ ಕರೆಂಟಿನ ತಂತಿ. ಬೋಗಿ ಚಿಂಚೋಳಿಯ ಒಂದು ಶೆಡ್ಡಿನಲ್ಲಿ ತಯಾರಾಗುತ್ತಿತ್ತು. ಏನು ಹೇಳಲಿ ಆ ಸಂಭ್ರಮ! ಹುಡುಗರಿರಲಿ, ಪ್ರೊಫೆಸರರೂ ಪಾಠ ಅರ್ಧಕ್ಕೆ ನಿಲ್ಲಿಸಿ ಕಿಟಕಿಗೆ ಬರುತ್ತಿದ್ದರು. ಮೊದಲ ದಿನ ಯಾವ ಸೀಟು ಯಾರಿಗೆಂದು ಹಾಸ್ಟೆಲಿನಲ್ಲಿ ಆಗಲೇ ಜಗಳ ಶುರುವಾಗಿತ್ತು. ನಾನಂತೂ ಕಿಟಕಿಯ ಪಕ್ಕದ್ದು ನನ್ನದೆಂದು ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದ್ದೆ.

ಕೆಲಸದ ಎಂಜಿನಿಯರ್ ಆಶಿಷ, ಪುಣೆಯವನು. ಅವನ ನಕ್ಷೆಯಲ್ಲಿ ಹಳಿ ನೆಟ್ಟಗಿತ್ತು, ಅಂದರೆ ಸರಿಯಾಗಿ ಬೇವಿನ ಮರದ ಮೇಲೆ, ಗುರಮ್ಮನ ಒಲೆಯ ಮೇಲೆ. ಪ್ರಿನ್ಸಿಪಾಲರು ಮರಕ್ಕೆ ಕೈ ಹಚ್ಚಬೇಡಿ ಎಂದರು. ಆಶಿಷ ಗೊಣಗುತ್ತಲೇ ಅಲ್ಲೊಂದು ತಿರುವು ಬರೆದ. ಗುರಮ್ಮನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆಕೆಗೆ ಅದು ಗೊತ್ತಿತ್ತು.

"ಹೊಲ ನಮ್ದು ಅನ್ನೂದಕ್ಕ ಸಾತಬಾರಾ ಉತಾರ ಇರ್ತದಲ್ಲ, ಹಂಗ ಈ ಜಾಗಾಕ್ಕ ಈ ಗಿಡಾನ ನನ್ನ ಉತಾರ," ಎಂದು ನಕ್ಕಳು.

ಹಳಿ ಹಾಕುವ ಗ್ಯಾಂಗಿನ ಮುಕಾದಮ ನಿಂಗಣ್ಣ. ಅವನೂ ಅವನ ಆಳುಗಳೂ ಅಕ್ಕಲಕೋಟ ಕಡೆಯವರು, ಮಾತು ಕನ್ನಡ, ಮರಾಠಿಯೂ ಸಲೀಸು. ಎಲ್ಲರೂ ಮಧ್ಯಾಹ್ನ ಗುರಮ್ಮನ ರೊಟ್ಟಿಗೆ ಕೂಡುತ್ತಿದ್ದರು. ಆಶಿಷನೂ ಅವರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಶೇಂಗಾ ಚಟ್ನಿ ನೆಕ್ಕುತ್ತ ಕನ್ನಡ ಕಲಿಯತೊಡಗಿದ. ಬಾ, ಹೋಗು, ನೀರು, ಗಿಡ. ಕಲಿತದ್ದನ್ನು ಹೋದಲ್ಲಿ ಬಂದಲ್ಲಿ ಎಸೆಯುವ ಚಪಲ ಬೇರೆ. ಅದೇ ಮುಳುವಾಯಿತು.

ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಚರಗದ ಎಡೆ ಚೆಲ್ಲಲು ಗುರಮ್ಮ ಊರಿಗೆ ಹೋಗಿದ್ದಳು. ಅವತ್ತು ಜಲ್ಲಿಕಲ್ಲಿನ ಲಾರಿ ಬಂತು. ಜಲ್ಲಿಗೆ ನಮ್ಮಲ್ಲಿ ಮರಾಠಿಯಂತೆ ಖಡಿ ಅನ್ನುತ್ತಾರೆ. ಬೋಗಿಗೆ ಬಣ್ಣ ಬಳಿದಾಗಿದೆ ಎಂಬ ಸುದ್ದಿ ಕೇಳಿ ಆಶಿಷ ಕುಣಿಯುತ್ತ ಚಿಂಚೋಳಿಗೆ ಹೊರಟಿದ್ದ. ಸ್ಕೂಟರಿಗೆ ಕಿಕ್ ಹೊಡೆಯುತ್ತಲೇ, ಲಾರಿಯ ಗದ್ದಲದ ನಡುವೆ ಕೂಗಿದ: "ನಿಂಗಣ್ಣಾ, ಗಿಡ! ಖಡಿ!"

ಗಿಡದ ಹತ್ತಿರ ಖಡಿ ಸುರುವಿಸು ಎಂಬುದು ಅವನ ಅರ್ಥ. ನಿಂಗಣ್ಣನ ಕಿವಿಗೆ ಬಿದ್ದದ್ದು, ಗಿಡ ಕಡಿ. ಪುಣ್ಯಾತ್ಮ ಪೂರ್ತಿ ಮರಾಠಿಯಲ್ಲಿ ಒದರಿದ್ದರೆ ಮರ ಉಳಿಯುತ್ತಿತ್ತು.

ಕೊಡಲಿಯ ಸದ್ದು ಕೇಳಿ ನಾನು ಕಚೇರಿಯಿಂದ ಓಡುವಷ್ಟರಲ್ಲಿ ಬೇವು ನೆಲದ ಮೇಲಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮರುದಿನ ಗುರಮ್ಮ ಗ್ಯಾಂಗಿನವರಿಗೆಂದು ಸಜ್ಜಿಕಡಬಿನ ಗಂಟು ಹೊತ್ತು ಬಂದಳು. ಬೊಡ್ಡೆ ನೋಡಿ ನಿಂತುಬಿಟ್ಟಳು.

"ಸಾಹೇಬ್ರ ಮನಸ್ಸು ಬದಲಾತು ಅಂತ ತಿಳದ್ನಿ, ಯಕ್ಕಾ," ಎಂದ ನಿಂಗಣ್ಣ, ತಲೆ ಎತ್ತದೆ.

ಆಕೆ ಅವನನ್ನು ಬೈಯಲಿಲ್ಲ. ಗಂಟನ್ನು ಅವನ ಕೈಗೆ ಕೊಟ್ಟು, ಸೆರಗು ತಲೆಗೆ ಹೊದ್ದು, ನೆರಳಿಲ್ಲದ ಬಿಸಿಲಲ್ಲೇ ಒಲೆ ಹೊತ್ತಿಸಿದಳು.

ಪ್ರಿನ್ಸಿಪಾಲರು ಆಶಿಷನನ್ನು ಚೆನ್ನಾಗಿ ಝಾಡಿಸಿ, ಇನ್ನು ಹಳಿ ಹೇಗಾದರೂ ಹಾಕಿಕೋ ಎಂದು ಕೈ ಚೆಲ್ಲಿದ್ದರು. ಮರವೇ ಇಲ್ಲದ ಮೇಲೆ ತಿರುವು ಯಾರಿಗೆ ಬೇಕು? ಕೆಲಸವೂ ಬೇಗ ಮುಗಿಯುತ್ತದೆ. ಆಶಿಷ ನಕ್ಷೆ ಹಿಡಿದು ಒಲೆಯ ಹತ್ತಿರ ಬಂದ. "ಮಾವಶಿ," ಎಂದು, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಕರೆದು, ನಕ್ಷೆ ಬಿಚ್ಚಿದ.

ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಒಂದು ಮಾತು ಹೇಳ್ರಿ, ಸಾಹೇಬ್ರ. ಇಷ್ಟು ದಿನಾ ಇಲ್ಲಿ ಉಂಡ್ರಿ. ಹಳಿ ಬಗ್ಗಿಸಿದ್ದು ಬರೇ ಗಿಡದ ಸಲುವಾಗೇನು? ನಾ ನಿಮಗ ಕಂಡೇ ಇಲ್ಲೇನು?"

ಅಷ್ಟು ಕನ್ನಡ ತಿಳಿಯದೆ ಅವನು ಪಕ್ಕದಲ್ಲಿ ನಿಂತಿದ್ದ ನನ್ನ ಮುಖ ನೋಡಿದ. ಒಂದಕ್ಷರವೂ ಬಿಡದೆ, ಒಂದಕ್ಷರವೂ ಮೆತ್ತಗೆ ಮಾಡದೆ ಮರಾಠಿಯಲ್ಲಿ ಹೇಳಿದೆ.

ಅವನ ಮುಖ ಕೆಂಪಾಯಿತು. ನಕ್ಷೆ ನೋಡಿದ, ಬೊಡ್ಡೆ ನೋಡಿದ. ಕೊನೆಗೆ ಗುರಮ್ಮನನ್ನು ನೋಡಿದ. ಆಮೇಲೆ ನಿಂಗಣ್ಣನ ಕಡೆ ತಿರುಗಿ, ಈ ಸಲ ಕನ್ನಡದ ತಂಟೆಗೇ ಹೋಗದೆ ಅಚ್ಚ ಮರಾಠಿಯಲ್ಲಿ, ಹಳಿ ಮೊದಲು ಗುರುತು ಹಾಕಿದಂತೆಯೇ ಬಾಗಬೇಕು, ಒಲೆಯ ಹತ್ತಿರ ಒಂದು ಕಲ್ಲೂ ಬೀಳಬಾರದು ಎಂದ. ನಿಂಗಣ್ಣ ಅದನ್ನು ಅವನಿಂದ ಮತ್ತೊಮ್ಮೆ ಹೇಳಿಸಿಕೊಂಡೇ ಸಲಿಕೆ ಎತ್ತಿದ.

ಟ್ರಾಮ್ ಮೊದಲ ಸಲ ಓಡಿದ ದಿನ ಜನವೋ ಜನ. ತಂತಿಯಲ್ಲಿ ಕಿಡಿ ಹಾರಿತು, ಗಂಟೆ ಮೊಳಗಿತು, ಹುಡುಗರು ಸಿಳ್ಳೆ ಹೊಡೆದರು. ನನಗೆ ಎದೆ ಹಿಗ್ಗಿ ಉಸಿರೇ ಸಾಲದಂತಾಯಿತು. ನನ್ನ ಕಿಟಕಿಯ ಸೀಟನ್ನು ಗುರಮ್ಮ ಹಿಡಿದಿದ್ದಳು. ಹೋಗಲಿ ಎಂದು ಬಿಟ್ಟುಕೊಟ್ಟೆ.

ಬೋಗಿ ತಿರುವಿಗೆ ಬಂದು ವಾಲಿತು. ಎದುರು ಸೀಟಿನಲ್ಲಿದ್ದ ಪುಣೆಯ ಅತಿಥಿಯೊಬ್ಬರು ಹೊರಗೆ ಇಣುಕಿದರು. ಕಟ್ಟಡವಿಲ್ಲ, ಬಾವಿಯಿಲ್ಲ, ಒಂದು ಗಿಡವೂ ಇಲ್ಲ. "ಇಥಂ ಕಾಯ ಆಹೆ?" ಎಂದು ಕೇಳಿದರು, ಇಲ್ಲೇನಿದೆ ಎಂದು.

ಗುರಮ್ಮ ಕಿಟಕಿಯಿಂದ ಮುಖ ತಿರುಗಿಸಿ ಕನ್ನಡದಲ್ಲೇ ಉತ್ತರ ಕೊಟ್ಟಳು.

"ನಾ ಅದೀನ್ರಿ."