ತನ್ವಿಯನ್ನು ಹುಡುಕುತ್ತ ಕುಳಗಿಯವರೆಗೆ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹಳಿಯಾಳ ಕೋರ್ಟಿನ ಮಧ್ಯಸ್ಥಿಕೆ ಕೊಠಡಿಯ ಹೊರಗಿನ ಬೆಂಚು ಖಾಲಿಯಾಗಿತ್ತು. ಅಲ್ಲಿ ಕೂರಿಸಿದ್ದ ಅಕ್ಕನ ಮಗಳು ತನ್ವಿಗೆ ಒಂಬತ್ತು ವರ್ಷ. ಅಕ್ಕ, ಭಾವ ಬೇರೆಯಾಗಿ ಏಳು ತಿಂಗಳು. ಅಕ್ಕ ತೇರಗಾಂವದಲ್ಲಿ ನನ್ನ ಜೊತೆ, ಭಾವ ದಾಂಡೇಲಿಯಲ್ಲಿ. ಯಾರ ಬಳಿ ಇರುತ್ತೀ ಎಂದು ಅಂದು ಮಗುವನ್ನೇ ಕೇಳುವವರಿದ್ದರು. ನಾನು ಝೆರಾಕ್ಸ್ ಮಾಡಿಸಲು ಐದು ನಿಮಿಷ ಹೋಗಿದ್ದೆ, ಅಷ್ಟೇ.

ಭಾವ ಎಲ್ಲಿಗೋ ಕಳಿಸಿಬಿಟ್ಟಿದ್ದಾರೆಂದು ನಾವು, ನಾವು ಬಚ್ಚಿಟ್ಟಿದ್ದೇವೆಂದು ಅವರು. ಕಾಲು ಗಂಟೆ ಜಗಳದಲ್ಲೇ ಹೋಯಿತು. ಎದುರಿನ ಚಹಾದಂಗಡಿಯಾಕೆ ಗದರಿದಳು: "ಹಿಂಗs ಬಡದಾಡ್ಕೋತ ನಿಂದರ್ರಿ ನೀವು. ಹುಡುಗಿ ದಾಂಡೇಲಿ ಬಸ್ ಹತ್ತಿ ಹೋತು!"

ಭಾವನ ಕಾರಿನಲ್ಲಿ ಮೂವರೂ ಹೊರಟೆವು. ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಮೋಡ, ಸೆಕೆ. ದಾಂಡೇಲಿ ನಿಲ್ದಾಣದಲ್ಲಿ ತನ್ವಿ ಇರಲಿಲ್ಲ. ಆ ಬಸ್ಸು ಕುಳಗಿ ಕಡೆ ಮುಂದುವರಿದಿದೆ ಎಂದರು. ಮುಂದೆ ಬರೀ ಕಾಡು. ಮಗು ನಡುದಾರಿಯಲ್ಲಿ ಇಳಿದಿದ್ದರೆ? ಆ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಕುಳಗಿಯ ಅರಣ್ಯ ಇಲಾಖೆ ಶಿಬಿರದ ಅಡುಗೆಮನೆಯಲ್ಲಿ ಅವಳು ಅವಲಕ್ಕಿ ತಿನ್ನುತ್ತಿದ್ದಳು.

"ಹೆಣ್ಮಕ್ಕಳಿಗೆ ಬಸ್ ಫ್ರೀ ನೋಡ್ರಿ," ಅಡುಗೆಯಾಕೆ ಹೇಳಿದಳು. "ಬಾಜೂಕ ಕೂತಾಕಿ ಮಗಳು ಅಂತ ಕಂಡಕ್ಟರ್ ತಿಳಕೊಂಡಾನ. ಆಕಿ ದಾಂಡೇಲ್ಯಾಗ ಇಳಿದ್ಲು, ಇದು ಮಲಗಿತ್ತು. ಇಲ್ಲಿ ಎಬ್ಬಿಸಿ ನಮ್ಮ ಕೈಯಾಗ ಕೊಟ್ಟು ಹೋದಾ. ಫೋನ್ ನಂಬರ್ ಹೇಳಬೇ ಅಂದ್ರ ಹೇಳವಲ್ಲಳು! ಅಪ್ಪಂದು ಕೊಟ್ರ ಅವ್ವಗ ಸಿಟ್ಟಂತ, ಅವ್ವಂದು ಕೊಟ್ರ ಅಪ್ಪಗ."

ತನ್ವಿ ಚಿಕ್ಕಮ್ಮನಾದ ನನ್ನ ಸೆರಗು ಹಿಡಿದಳು. "ಮಾವಶಿ, ಅವ್ವನ ಹೆಸರು ಹೇಳು ಅಂತ ಅವ್ವ ಅಂದಾಳ. ಪಪ್ಪನ ಹೆಸರು ಹೇಳು ಅಂತ ಪಪ್ಪ ಅಂದಾರ. ನಾ ಏನ್ ಹೇಳ್ಲಿ? ಅದಕ್ಕs ಬಸ್ ಹತ್ತಿದೆ."

ಅಕ್ಕನೂ ಭಾವನೂ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

ಮುಂದಿನ ವಾರ ಮಧ್ಯಸ್ಥಗಾರ ಮೇಡಂ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಯಾರು ಬೇಕು ಎಂದು ಕೇಳದೆ, ವಾರ ಹೇಗಿರಬೇಕು ಎಂದು ತನ್ವಿಯನ್ನು ಕೇಳಿದರು. ಅವಳ ಒಪ್ಪಿಗೆ ಪಡೆದು ನಮಗೆ ಓದಿ ಹೇಳಿದರು: "ಸಾಲಿ ಇದ್ದಾಗ ತೇರಗಾಂವ. ಶನಿವಾರ, ರವಿವಾರ ದಾಂಡೇಲಿ. ಅಲ್ಲಿದ್ದಾಗ ಇಲ್ಲಿದು, ಇಲ್ಲಿದ್ದಾಗ ಅಲ್ಲಿದು ಕೇಳಬಾರದು."

"ಇಷ್ಟs ಏನು?" ಭಾವ ಅಂದರು.

"ಇಷ್ಟೂ ನಾವು ಕೇಳಿದ್ದಿಲ್ಲಲ್ರಿ," ಅಂದಳು ಅಕ್ಕ.

ಮೊದಲ ರವಿವಾರ ಸಂಜೆ ದಾಂಡೇಲಿಯಿಂದ ನಾನೇ ಅವಳನ್ನು ಬಸ್ಸಿನಲ್ಲಿ ಕರೆತಂದೆ. "ಕೈ ಬಿಡು ಮಾವಶಿ, ಬೆವರಾಗೇತಿ," ಎಂದು ನಕ್ಕಳು. ನಾನು ಬಿಡಲಿಲ್ಲ. ತೇರಗಾಂವದಲ್ಲಿ ಅಕ್ಕ ಏನೂ ಕೇಳಲಿಲ್ಲ, ಊಟಕ್ಕೆ ಬಡಿಸಿದಳು.

ಕುಳಗಿಯಿಂದ ಬಂದಂದಿನಿಂದ ಅಕ್ಕ ರಾತ್ರಿ ನಾಲ್ಕಾರು ಸಲ ಎದ್ದು ಮಗಳ ಹಾಸಿಗೆ ಮುಟ್ಟಿ ನೋಡುತ್ತಿದ್ದಳು. ಆ ರಾತ್ರಿ ಒಮ್ಮೆಯೂ ಏಳಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಯ ವ್ಯಾನು ಹಾರ್ನ್ ಹೊಡೆದು ಹೊಡೆದು ಹೋಯಿತು. ತಾಯಿ, ಮಗಳು ಇಬ್ಬರಿಗೂ ಎಚ್ಚರವಾಗಲಿಲ್ಲ. ನಾನು ಎಬ್ಬಿಸಲಿಲ್ಲ.